ಮದ್ದು ಹಾಕಿದ ಕೈ

ಬಾಗೂರಿನಿಂದ ಮೂರು ಮೈಲಿ ಒಳಕ್ಕೆ ಒಂದು ಊರು. ಅಲ್ಲಿನ ಹಾಲಿನ ಡೇರಿಯಲ್ಲಿ ಪುಟ್ಟರಾಜು ಇಪ್ಪತ್ತೆರಡು ವರ್ಷ ಟೆಸ್ಟರ್ ಆಗಿದ್ದ. ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು ಊರಿಗೆ ಊರೇ ಅವನ ಮೇಜಿನ ಮುಂದೆ ಸಾಲು ನಿಲ್ಲಬೇಕು. ಕ್ಯಾನಿನಿಂದ ಒಂದಿಷ್ಟು ಹಾಲು ಬಗ್ಗಿಸಿಕೊಂಡು ಗಾಜಿನ ಕಡ್ಡಿಯನ್ನು ಅದರೊಳಕ್ಕೆ ಬಿಡುತ್ತಿದ್ದ. ಹಾಲು ಗಟ್ಟಿಯಿದ್ದರೆ ಕಡ್ಡಿ ಮೇಲೆ ನಿಲ್ಲುತ್ತದೆ, ನೀರು ಬೆರೆತಿದ್ದರೆ ಇಳಿಯುತ್ತದೆ. ಅದು ನಿಂತ ಗೆರೆಗೆ ಡಿಗ್ರಿ ಅಂತ ಹೆಸರು. ಹಾಲು ಪರೀಕ್ಷೆ ಮಾಡುವ ಮಿಷಿನ್ನು ಬಂದು ಎಷ್ಟೋ ವರ್ಷವಾಗಿದ್ದರೂ ಪುಟ್ಟರಾಜು ಕಡ್ಡಿ ಬಿಟ್ಟವನಲ್ಲ. ಮಿಷಿನ್ನು, ಕಡ್ಡಿ ಎರಡೂ ಒಂದೇ ಮಾತು ಹೇಳಬೇಕು. ಒಂದು ಹಂಗೆ ಒಂದು ಹಿಂಗೆ ಅಂದರೆ ಹಾಲು ವಾಪಸ್. ಅದು ಅವನ ಕಾನೂನು.

ಒಮ್ಮೆ ಶಿವಗಂಗಮ್ಮನ ಹಾಲು ಹಾಗೆ ವಾಪಸಾಯಿತು. ಒಂದೇ ಹಸು ಕಟ್ಟಿಕೊಂಡು ಬದುಕು ಮಾಡುವ ಹೆಂಗಸು.

"ನೀರು ಆಕಿಲ್ಲ ಕಣಪ್ಪ ಪುಟ್ರಾಜು, ನನ್ ಮಕ್ಕಳಾಣೆ. ಅಸ ಮೂರ್ ದಿನದಿಂದ ಸರ್ಯಾಗಿ ಮೇಯ್ತಿಲ್ಲ."

"ಆಣೆ ಅಳೆಯಾಕೆ ಇಲ್ಲಿ ಮಿಷಿನ್ ಇಲ್ಲ ಕಣಮ್ಮ. ಕಡ್ಡಿ ಏಳ್ತದೆ, ನಾನು ಓದ್ತೀನಿ. ಎತ್ಕೊಂಡೋಗು."

ಸಾಲಿನಲ್ಲಿದ್ದವರು ನಕ್ಕರು. ಶಿವಗಂಗಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕ್ಯಾನು ಎತ್ತಿಕೊಂಡು ಹೋದಳು. ಆ ಹಸುವಿಗೆ ಕೆಚ್ಚಲು ಬಾವು ಅಂತ ವಾರದ ಮೇಲೆ ಡಾಕ್ಟರು ಹೇಳಿದರು. ಪುಟ್ಟರಾಜು ಆ ಮಾತು ಕೇಳಿಸಿಕೊಂಡ, ಅಷ್ಟೇ. ತಪ್ಪಾಯಿತು ಅನ್ನುವ ಮಾತು ಆ ಮನುಷ್ಯನ ನಾಲಗೆಗೆ ಬರುತ್ತಲೇ ಇರಲಿಲ್ಲ.

ಅವನಿಗೆ ಇದ್ದದ್ದು ಒಬ್ಬಳೇ ಮಗಳು, ಭವ್ಯಶ್ರೀ. ಅವಳಿಗೆ ಆರು ವರ್ಷವಿದ್ದಾಗ ತಾಯಿ ತೀರಿಕೊಂಡಿದ್ದಳು. ಸಾಕಿದ್ದು ಅಜ್ಜಿ ದೊಡ್ಡತಾಯಮ್ಮ. ಹುಡುಗಿ ರಾಗಿಮುದ್ದೆ ತಿಂದು ಬೆಳೆದ ಗಟ್ಟಿ ಆಳು. ಕಬಡ್ಡಿ ಅಂಕಣದ ಮೂಲೆಯಲ್ಲಿ ನಿಂತು, ನುಗ್ಗಿ ಬಂದವಳ ಹಿಮ್ಮಡಿಗೆ ಕೈ ಹಾಕಿದಳೆಂದರೆ ಬಿಡಿಸಿಕೊಂಡು ಹೋದವರು ಕಡಿಮೆ. ಹಾಸನದ ಕ್ರೀಡಾ ಹಾಸ್ಟೆಲಿಗೆ ಸೀಟು ಸಿಕ್ಕಿತ್ತು. ಹತ್ತೊಂಬತ್ತನೇ ವಯಸ್ಸಿಗೆ ರಾಜ್ಯದ ಜೂನಿಯರ್ ತಂಡಕ್ಕೂ ಹೆಸರು ಬಂತು. ಆವತ್ತು ಪುಟ್ಟರಾಜು ಡೇರಿಯಲ್ಲಿ ಎಲ್ಲರಿಗೂ ಮೈಸೂರುಪಾಕು ಹಂಚಿದ. ಶಿವಗಂಗಮ್ಮನಿಗೂ ಕೊಟ್ಟ.

ಮಾರನೇ ದಿನವೇ ಹಾಸ್ಟೆಲಿನ ಕೋಚ್ ರವೀಂದ್ರನ ಫೋನು.

"ಪುಟ್ಟರಾಜಣ್ಣ, ಒಂದು ತಾಪತ್ರಯ ಐತೆ. ಜೂನಿಯರ್ ಹುಡುಗೀರಿಗೆ ಅರವತ್ತೈದು ಕೆಜಿ ಮಿತಿ. ನಿಮ್ಮ ಹುಡುಗಿ ಅರವತ್ತೆಂಟು ಅವ್ಳೆ. ಒಂದೂವರೆ ತಿಂಗಳು ಟೈಮಿದೆ. ಹತ್ತು ದಿನ ರಜಾ ಕೊಡ್ತೀನಿ, ಮನೇಲಿಟ್ಕೊಂಡು ಬಾಯಿ ಕಟ್ಸಿ."

"ಮೂರು ಕೆಜಿ ಏನ್ ಮಹಾ ಸಾ! ಇಳಿಸ್ತೀನಿ ಬುಡಿ" ಅಂದ ಪುಟ್ಟರಾಜು.

ಇಳಿಯಲಿಲ್ಲ. ಹುಡುಗಿ ಮುದ್ದೆ ಬಿಟ್ಟಳು, ಅನ್ನ ಬಿಟ್ಟಳು, ಬಾಗೂರಿನ ತನಕ ಓಡಿ ಬಂದಳು. ಡೇರಿಯಲ್ಲಿ ಕ್ಯಾನು ಇಡುವ ತೂಕದ ತಟ್ಟೆಯ ಮೇಲೆ ಪ್ರತಿ ದಿನ ಬೆಳಿಗ್ಗೆ ಹತ್ತಿ ನಿಂತು "ಎಷ್ಟಪ್ಪ?" ಅನ್ನುವಳು. ಕೆಂಪು ಅಂಕಿ ನೋಡಿ ಇವನು ಗಟ್ಟಿಯಾಗಿ ಓದುವನು. ಅರವತ್ತೇಳು ಮುಕ್ಕಾಲು. ಅರವತ್ತೇಳೂವರೆ. ಮತ್ತೆ ಅರವತ್ತೇಳು ಮುಕ್ಕಾಲು.

ಪುಟ್ಟರಾಜು ಹಾಸನಕ್ಕೆ ಹೋದ. ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ರಜನೀಶ್ ಅನ್ನುವ ಹುಡುಗನದೊಂದು ಅಂಗಡಿ, ಜಿಮ್ಮಿಗೆ ಹೋಗುವವರು ತಿನ್ನುವ ಪುಡಿಯ ಡಬ್ಬಿಗಳದ್ದು. ಅವನು ಒಂದು ಹಸಿರು ಡಬ್ಬಿ ತೆಗೆದು ಮುಂದಿಟ್ಟ.

"ಇದು ಮದ್ದಲ್ಲ ಅಂಕಲ್. ಬರೀ ಸೊಪ್ಪು, ಬೇರು, ಬೀಜದ ಪುಡಿ. ಬೆಳಿಗ್ಗೆ ಒಂದು ಚಮಚ ಬಿಸಿನೀರಿಗೆ. ಹಸಿವೇ ಆಗಲ್ಲ. ಹಸಿವಿಲ್ಲ ಅಂದ್ಮೇಲೆ ತಿನ್ನೋದೆಲ್ಲಿ?"

"ಕಲಬೆರಕೆ ಗಿಲಬೆರಕೆ?"

"ಡಬ್ಬಿ ಮೇಲೇ ಬರ್ದದೆ ನೋಡಿ, ನೂರಕ್ಕೆ ನೂರು ಶುದ್ಧ."

ಪುಟ್ಟರಾಜು ಬರೆದದ್ದನ್ನು ನಂಬುವ ಪೈಕಿಯವನಲ್ಲ. ತಂದವನೇ ಡೇರಿಯ ಬಾಗಿಲು ಹಾಕಿಕೊಂಡು, ಹಾಲಿನ ಕಲಬೆರಕೆ ಹಿಡಿಯುವ ಔಷಧಿ ಪೆಟ್ಟಿಗೆ ತೆಗೆದ. ಪುಡಿಯನ್ನು ನೀರಿಗೆ ಕದಡಿ, ಸೋಸಿ, ಐದಾರು ಗಾಜಿನ ಕೊಳವೆಗೆ ಹಂಚಿದ. ಒಂದಕ್ಕೆ ಅಯೋಡಿನ್ ಬಿಟ್ಟ. ಮೈದಾ ಬೆರೆತಿದ್ದರೆ ನೀಲಿ ಆಗಬೇಕು, ಆಗಲಿಲ್ಲ. ಸೋಡಾ ಇದ್ದರೆ ಗುಲಾಬಿ ಆಗಬೇಕು, ಆಗಲಿಲ್ಲ. ಯೂರಿಯಾ ನೋಡಿದ, ಅದೂ ಇಲ್ಲ. ಹಾಲಿನಲ್ಲಿ ಜನ ಏನೇನು ಬೆರೆಸುತ್ತಾರೋ ಅದೆಲ್ಲವನ್ನೂ ಆ ಪೆಟ್ಟಿಗೆ ಹಿಡಿಯುತ್ತಿತ್ತು. ಪುಡಿಯಲ್ಲಿ ಜನ ಏನು ಬೆರೆಸುತ್ತಾರೆ ಅನ್ನುವುದು ಆ ಪೆಟ್ಟಿಗೆಗೂ ಗೊತ್ತಿರಲಿಲ್ಲ, ಪುಟ್ಟರಾಜುವಿಗೂ ಗೊತ್ತಿರಲಿಲ್ಲ.

"ತಗೊ ಮಗ" ಅಂತ ಡಬ್ಬಿ ಮಗಳ ಕೈಗಿಟ್ಟ. "ನಾನೇ ಟೆಸ್ಟ್ ಮಾಡಿವ್ನಿ. ಇದು ಮದ್ದಲ್ಲ, ಸೊಪ್ಪಿನ ಪುಡಿ ಅಷ್ಟೇಯ."

ಅಪ್ಪ ಟೆಸ್ಟ್ ಮಾಡಿದ ಮೇಲೆ ಇನ್ನೇನಿದೆ? ಅವಳು ನಂಬಿದಳು.

ಪುಡಿ ಕೆಲಸ ಮಾಡಿತು. ನಾಲ್ಕನೇ ದಿನಕ್ಕೇ ಹುಡುಗಿಗೆ ಊಟ ಅಂದರೆ ಬೇಸರ. ಬಾಯಿ ಒಣಗುತ್ತಿತ್ತು. ನಿದ್ದೆ ಹಾರಿಹೋಯಿತು. ಕೂತಲ್ಲೇ ಎದೆ ಡವಡವ ಅನ್ನುತ್ತಿತ್ತು. "ಓಡಿದ್ದಕ್ಕೆ ಇರ್ಬೋದು" ಅಂದುಕೊಂಡಳು. ರಜಾ ಮುಗಿದು ಹಾಸ್ಟೆಲಿಗೆ ಹೋದ ಮೇಲೂ ದಿನಾ ಒಂದು ಚಮಚ. ಪಂದ್ಯಕ್ಕೆ ಹೊರಡುವ ಹಿಂದಿನ ಭಾನುವಾರ ಊರಿಗೆ ಬಂದು ಡೇರಿಯ ತಟ್ಟೆ ಹತ್ತಿದಾಗ ಅಂಕಿ ಅರವತ್ನಾಲ್ಕೂ ಮುಕ್ಕಾಲಿಗೆ ನಿಂತಿತು. ಪುಟ್ಟರಾಜು ಮಗಳನ್ನು ಎತ್ತಿಕೊಂಡು ಕುಣಿಯುವುದೊಂದು ಬಾಕಿ.

ದೊಡ್ಡತಾಯಮ್ಮನಿಗೆ ಮಾತ್ರ ಅದು ಸರಿ ಕಾಣಲಿಲ್ಲ. ಬಡಿಸಿದ ತಟ್ಟೆ ಮುಂದೆ ಕೂತು ಗೋಡೆ ನೋಡುವ ಮೊಮ್ಮಗಳು, ಗುಳಿ ಬಿದ್ದ ಕಣ್ಣು.

"ಲೇ ಪುಟ್ಟ, ಈ ಕೂಸ್ಗೆ ಯಾರೋ ಮದ್ದು ಆಕವ್ರೆ ಕಣ್ಲಾ. ಆಸ್ಟಲ್ಲಲ್ಲಿ ಒಟ್ಟೆಕಿಚ್ಚಿಗೆ ಊಟದಲ್ಲಿ ಆಕ್ಬುಟ್ಟವ್ರೆ."

ಆ ಕಡೆ ಹಳ್ಳಿಗಳಲ್ಲಿ ಮದ್ದು ಅಂದರೆ ಎರಡು. ಕಾಯಿಲೆ ವಾಸಿ ಮಾಡುವುದೂ ಮದ್ದೇ. ಆಗದವರು ಅನ್ನದಲ್ಲಿ ಕಲಸಿ ಹಾಕಿ, ತಿಂದವರು ಅನ್ನ ಸೇರದೆ ಒಣಗುತ್ತಾ ಹೋಗುವುದೂ ಮದ್ದೇ. ಎರಡನೆಯದನ್ನು ಕಕ್ಕಿಸಿ ತೆಗೆಯುವವರು ಬೇರೆ ಇದ್ದಾರೆ.

"ಸುಮ್ಕಿರವ್ವ, ಮದ್ದಂತೆ ಮದ್ದು! ನಿನ್ ತಲೆ" ಅಂತ ಪುಟ್ಟರಾಜು ರೇಗಿದ.

ಪಂಜಾಬಿನ ಕಡೆ ಪಂದ್ಯ. ಕರ್ನಾಟಕದ ತಂಡ ಮೂರನೇ ಜಾಗಕ್ಕೆ ಬಂತು. ಕೊನೆಯ ಪಂದ್ಯ ಮುಗಿದ ಮೇಲೆ ನೀಲಿ ಕೋಟಿನ ಹೆಂಗಸೊಬ್ಬಳು ಭವ್ಯಶ್ರೀಯ ಭುಜ ತಟ್ಟಿ ಕರೆದುಕೊಂಡು ಹೋದಳು. ಉಚ್ಚೆ ಕೊಡಬೇಕು ಅಂದಳು. ಆ ಹೆಂಗಸು ಬಾಗಿಲಲ್ಲೇ ನಿಂತು ನೋಡುತ್ತಿದ್ದರೆ ಬರುವುದು ಹೇಗೆ? ಎರಡು ಗಂಟೆ ಹೊತ್ತು, ನಾಲ್ಕು ಬಾಟಲಿ ನೀರು ಬೇಕಾಯಿತು. ಬಂದದ್ದನ್ನು ಎರಡು ಸೀಸೆಗೆ ಸುರಿಸಿ, ಮುಚ್ಚಳವನ್ನು ಅವಳ ಕೈಯಲ್ಲೇ ಬಿಗಿ ಮಾಡಿಸಿದರು. ಆಮೇಲೆ ಒಂದು ಫಾರಂ. ಈ ವಾರದಲ್ಲಿ ಏನಾದರೂ ದವಾ ತಗೊಂಡಿದ್ದೀಯಾ ಅಂತ ಹಿಂದಿಯಲ್ಲಿ ಕೇಳಿದರು. ದವಾ ಅಂದರೆ ಮದ್ದು. ಅಪ್ಪ ಮದ್ದಲ್ಲ ಅಂದಿದ್ದ. ಹುಡುಗಿ ಇಲ್ಲ ಅಂತ ತಲೆಯಾಡಿಸಿ ಸೈನು ಹಾಕಿದಳು.

ಊರಿಗೆ ಬಂದ ಮೇಲೆ ಪುಡಿ ನಿಲ್ಲಿಸಿದ್ದರೂ ಊಟ ಒಮ್ಮೆಲೇ ಸೇರಲಿಲ್ಲ. ಅರ್ಧ ಡಬ್ಬಿ ಹಾಗೇ ಉಳಿದಿತ್ತು. ದೊಡ್ಡತಾಯಮ್ಮ ಮಗನ ಮಾತು ಕೇಳುವವಳಲ್ಲ. ಒಂದು ದಿನ ಮೊಮ್ಮಗಳನ್ನು ಕರೆದುಕೊಂಡು, ಹೊಳೆನರಸೀಪುರದ ಮೇಲೆ ಅರಕಲಗೂಡಿನ ಹತ್ತಿರದ ಒಂದು ಹಳ್ಳಿಗೆ, ಮದ್ದು ತೆಗೆಯುವ ಬೋರಪ್ಪನ ಮನೆಗೆ ಹೋದಳು. ಹೊರಗಡೆ ತಿಂದದ್ದು ಏನೇ ಉಳಿದಿದ್ದರೂ ತರಬೇಕು ಅಂತ ಅವನು ಹೇಳಿ ಕಳಿಸಿದ್ದ. ಹಾಸ್ಟೆಲಿನ ಬಿಸ್ಕತ್ತು, ಚಕ್ಕುಲಿ, ಆ ಹಸಿರು ಡಬ್ಬಿ, ಎಲ್ಲ ಚೀಲಕ್ಕೆ ಬಿದ್ದವು. ಬೋರಪ್ಪ ಏನೋ ಸೊಪ್ಪಿನ ರಸ ಕುಡಿಸಿ ಕಕ್ಕಿಸಿದ. ಕೂದಲು ಸುತ್ತಿದ ಒಂದು ಗಂಟು ತೋರಿಸಿದ. "ಬಂತು ನೋಡವ್ವ. ಚೀಲದಲ್ಲಿರೋದನ್ನ ಅರಿಯೋ ನೀರಿಗೆ ಬುಟ್ಬುಡು, ತಿರುಗಿ ನೋಡ್ಬೇಡ" ಅಂದ.

ವಾಪಸು ಬರುವಾಗ ಹೊಳೆನರಸೀಪುರದಲ್ಲಿ ಇಳಿದು, ಅಜ್ಜಿ ಹೇಮಾವತಿ ಸೇತುವೆ ಮೇಲಿಂದ ಆ ಚೀಲ ಬಿಟ್ಟಳು. ತಿರುಗಿ ನೋಡಲಿಲ್ಲ.

ಎರಡು ತಿಂಗಳಾದ ಮೇಲೆ ದೆಹಲಿಯಿಂದ ರಿಜಿಸ್ಟರ್ ಪೋಸ್ಟು ಬಂತು. ಎಲ್ಲಾ ಇಂಗ್ಲಿಷು. ಪುಟ್ಟರಾಜು ಓದಿದ್ದು ಏಳನೇ ಕ್ಲಾಸು. ಸಂಜೆ ಹಾಲಿನ ಹೊತ್ತಿನಲ್ಲಿ ಡೇರಿಯ ಸೆಕ್ರೆಟ್ರಿ ನಂಜಯ್ಯನ ಕೈಗೆ ಕೊಟ್ಟ. ನಂಜಯ್ಯ ಕನ್ನಡಕ ಏರಿಸಿ ಎರಡು ಸಲ ಓದಿದ.

"ಪುಟ್ರಾಜು, ಮಗಳ ಉಚ್ಚೇಲಿ ಏನೋ ಸಿಕ್ಕದಂತೆ. ಆಟಕ್ಕೆ ನಿಷೇಧ ಮಾಡಿರೋ ಮದ್ದು. ಸದ್ಯಕ್ಕೆ ಆಡೋ ಹಂಗಿಲ್ಲ. ಇಪ್ಪತ್ತು ದಿನದೊಳಗೆ ಉತ್ತರ ಕೊಡ್ಬೇಕಂತೆ."

ಹನ್ನೆರಡು ಹದಿಮೂರು ಜನ ಸಾಲು ನಿಂತಿದ್ದರು. ಅದರಲ್ಲಿ ಒಬ್ಬ ಹಿಂದಿನಿಂದ "ಟೆಸ್ಟರ್ ಮನೆ ಹಾಲಿಗೇ ಡಿಗ್ರಿ ಬರ್ನಿಲ್ಲ ಕಣ್ರಪ್ಪಾ" ಅಂದ. ಕಿಸಕ್ಕನೆ ಯಾರೋ ನಕ್ಕರು.

ಪುಟ್ಟರಾಜುವಿನ ಮೈಯೆಲ್ಲಾ ಉರಿದುಹೋಯಿತು. ಮೇಜಿಗೆ ಗುದ್ದಿದ. "ಯಾವನ್ಲಾ ಅವ್ನು? ನಮ್ಮನೇಲಿ ಯಾರೂ ಅವ್ಳಿಗೆ ಏನೂ ಕೊಟ್ಟಿಲ್ಲ ಕಣ್ಲಾ! ಆಸ್ಟಲ್ಲಲ್ಲಿ ಏನ್ ತಿಂದ್ಲೋ, ಯಾವಳ ಜೊತೆ ಸೇರಿ ತಿಂದ್ಲೋ, ನಂಗೇನ್ ಗೊತ್ತು!"

ತಿರುಗಿದರೆ ಬಾಗಿಲಲ್ಲಿ ಭವ್ಯಶ್ರೀ. ಮನೆಯ ಹಾಲಿನ ಕ್ಯಾನು ಹಿಡಿದು ನಿಂತಿದ್ದಳು. ಕೋಚು ಬೆಳಿಗ್ಗೆಯೇ ಕಾರಣ ಹೇಳದೆ ಅವಳನ್ನು ಹಾಸ್ಟೆಲಿನಿಂದ ಊರಿಗೆ ಕಳಿಸಿದ್ದ. ಅಪ್ಪನ ಮುಖ ಒಂದು ಸಲ ನೋಡಿದಳು. ಕ್ಯಾನು ಮೇಜಿನ ಮೇಲಿಟ್ಟು ಹೋದಳು.

ಮಾರನೇ ದಿನ ಪೇಪರಿನಲ್ಲಿ ನಾಲ್ಕು ಸಾಲು ಬಂತು, 'ಉದ್ದೀಪನ ಮದ್ದು: ಜಿಲ್ಲೆಯ ಕಬಡ್ಡಿ ಆಟಗಾರ್ತಿ ಅಮಾನತು' ಅಂತ. ಯಾರೋ ಓದಿ ಹೇಳಿದ್ದನ್ನು ಕೇಳಿಕೊಂಡು ದೊಡ್ಡತಾಯಮ್ಮ ಪೇಪರು ಹಿಡಿದೇ ಮನೆಗೆ ಬಂದಳು.

"ನಾನ್ ಏಳ್ನಿಲ್ವಾ? ಮದ್ದು ಅಂತ ನಾನ್ ಏಳ್ನಿಲ್ವಾ? ಪೇಪರ್ನೋರ್ಗೂ ತಿಳೀತು ನೋಡು. ಓದ್ಲಾ ಪುಟ್ಟ, ಯಾವ ಕೈ ಆಕ್ತು ಅಂತ ಬರ್ದವ್ರಾ?"

ಪುಟ್ಟರಾಜು ಪೇಪರು ತಗೊಂಡ. ಮೂಲೆಯಲ್ಲಿ ಮಗಳು ಮಂಡಿಗೆ ಗಲ್ಲ ಊರಿ ಕೂತಿದ್ದಳು.

"ಇಲ್ಲ ಕಣವ್ವ" ಅಂದ. "ಬರ್ದಿಲ್ಲ."

ಉತ್ತರ ಬರೆಯಲು ನಂಜಯ್ಯನ ಮುಂದೆ ಕೂತಾಗಲೂ ಹೀಗೇ ಆಯಿತು. ಆ ಪದಾರ್ಥ ನಿನ್ನ ಮೈಗೆ ಹೇಗೆ ಬಂತು ಅಂತ ಮೊದಲನೇ ಪ್ರಶ್ನೆ. ಭವ್ಯಶ್ರೀ ತಡ ಮಾಡಲಿಲ್ಲ.

"ತೂಕ ಇಳಿಸಾಕೆ ಒಂದು ಪುಡಿ ತಿಂದೆ ದೊಡ್ಡಪ್ಪ. ನಾನೇ ಆಸನದಲ್ಲಿ ತಗೊಂಡೆ. ಯಾರಿಗೂ ಏಳಿರ್ಲಿಲ್ಲ. ಅಂಗೇ ಬರೀರಿ."

ಮೂರು ಅಡಿ ಆಚೆ ಪುಟ್ಟರಾಜು ಗಾಜಿನ ಕೊಳವೆ ತೊಳೆಯುತ್ತಿದ್ದ. ನಂಜಯ್ಯ ಅವನ ಕಡೆ ನೋಡಿದ. ಇವನು ಕೊಳವೆ ತೊಳೆಯುತ್ತಲೇ ಇದ್ದ. ಊರೆಲ್ಲರ ಎದುರು ಗುದ್ದಿ ಹೇಳಿದ ಮಾತನ್ನು ಹಿಂದಕ್ಕೆ ತಗೊಳ್ಳುವುದು ಅವನಿಂದ ಆಗಲಿಲ್ಲ. ಕಾಗದ ಹೊರಟುಹೋಯಿತು.

ನಂಜಯ್ಯನ ಮಗಳು ತೇಜಶ್ರೀ ಹಾಸನದಲ್ಲಿ ರಕ್ತ, ಮೂತ್ರ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಭಾನುವಾರ ಬಂದಾಗ ರಿಪೋರ್ಟು ನೋಡಿ ವಿವರ ಹೇಳಿದಳು.

"ಇದು ಹಸಿವು ಕಟ್ಟೋ ಮಾತ್ರೆ ಚಿಕ್ಕಪ್ಪ. ಸಿಬುಟ್ರಮೈನ್ ಅಂತ. ಹೃದಯಕ್ಕೆ ಕೆಟ್ಟದ್ದು ಅಂತ ನಮ್ಮ ದೇಶದಲ್ಲಿ ಮಾರೋದನ್ನೇ ನಿಲ್ಲಿಸಿದ್ದಾರೆ. ಕೆಲವರು ಕದ್ದು ಇಂಥ ಸೊಪ್ಪಿನ ಪುಡೀಲಿ ಬೆರೆಸ್ತಾರೆ, ಡಬ್ಬಿ ಮೇಲೆ ಬರೆಯಲ್ಲ."

"ಉಚ್ಚೇಲಿ ಮಾತ್ರೆ ಸಿಕ್ತಾ ಅಂಗಾರೆ?"

"ಮಾತ್ರೆ ಮಾತ್ರೆಯಾಗೇ ಬರಲ್ಲ. ಮೈ ಒಳಗೆ ಅದು ಒಡೆದು ಬೇರೆ ರೂಪ ಆಗುತ್ತೆ. ಆ ಚೂರು ಉಚ್ಚೇಲಿ ಇಳಿಯುತ್ತೆ. ಮಿಷಿನ್ನು ಆ ಚೂರನ್ನ ಹಿಡಿಯುತ್ತೆ. ಇಂಥ ಚೂರು ಇದೆ ಅಂದ್ರೆ ಇಂಥದ್ದೇ ತಿಂದಿದ್ದು ಅಂತ ಗೊತ್ತಾಗುತ್ತೆ."

ಪುಟ್ಟರಾಜುವಿಗೆ ತಟ್ಟನೆ ಅರ್ಥವಾಯಿತು. ಮೂಲಂಗಿ ಸೊಪ್ಪು ಮೇಯ್ದ ಹಸುವಿನ ಹಾಲಿನಲ್ಲಿ ಸೊಪ್ಪಿನ ಚೂರೂ ಇರುವುದಿಲ್ಲ. ಮೂಗಿಗೆ ಹಿಡಿದರೆ ಸಾಕು, ಮೇಯ್ದದ್ದು ಏನು ಅಂತ ಹೇಳಬಹುದು. ಇಪ್ಪತ್ತೆರಡು ವರ್ಷ ಅವನು ಅದನ್ನೇ ಮಾಡಿದ್ದ.

"ಮಿಷಿನ್ನು ಸುಳ್ಳು ಏಳಿಲ್ಲ ಅನ್ನು" ಅಂದ.

"ಇಲ್ಲ. ಆದ್ರೆ ಬೇಕು ಅಂತ ತಿಂದಿಲ್ಲ, ಪುಡೀಲಿ ಬೆರೆಸಿದ್ರು ಅಂತ ತೋರಿಸಿದ್ರೆ ಶಿಕ್ಷೆ ಕಮ್ಮಿ ಆಗ್ಬೋದು. ಆ ಡಬ್ಬಿ ಬೇಕು ಚಿಕ್ಕಪ್ಪ. ಉಳಿದಿರೋ ಪುಡಿ ಪರೀಕ್ಷೆಗೆ ಕಳಿಸ್ಬೇಕು. ಅಂಗಡಿ ಬಿಲ್ಲೂ ಬೇಕು. ಎಲ್ಲಿ?"

ಭವ್ಯಶ್ರೀ ಅಜ್ಜಿಯ ಕಡೆ ನೋಡಿದಳು. ದೊಡ್ಡತಾಯಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದಳು.

"ಒಳೇಗೆ ಬುಟ್ಟೆ ಕಣವ್ವ" ಅಂದಳು. "ಮದ್ದು ಓಗ್ಲಿ ಅಂತ."

ಪುಟ್ಟರಾಜು ಹಾಸನಕ್ಕೆ ಓಡಿದ. ರಜನೀಶನ ಅಂಗಡಿಯಲ್ಲಿ ಆ ಹಸಿರು ಡಬ್ಬಿ ಇರಲಿಲ್ಲ. ಅದರ ಜಾಗದಲ್ಲಿ ನೀಲಿ ಡಬ್ಬಿ ಕೂತಿತ್ತು.

"ಯಾವ ಪುಡಿ ಅಂಕಲ್? ನಮ್ಮಲ್ಲಿ ತಗೊಂಡ್ರಾ? ಬಿಲ್ ತೋರ್ಸಿ."

ಬಿಲ್ಲು ಇರಲಿಲ್ಲ. ಪುಟ್ಟರಾಜು ಅವನ ಕೊರಳಪಟ್ಟಿಗೆ ಕೈ ಹಾಕಿದ. ಅಕ್ಕಪಕ್ಕದವರು ಬಂದು ಬಿಡಿಸಿ ಬೀದಿಗೆ ತಳ್ಳಿದರು. ಬಸ್ಸಿನಲ್ಲಿ ಕೂತು ಚನ್ನರಾಯಪಟ್ಟಣ ಬರುವ ತನಕ ಅವನು ಕೈ ನೋಡಿಕೊಳ್ಳುತ್ತಿದ್ದ. ಡಬ್ಬಿ ತಂದ ಕೈ, ಕದಡಿ ಸೋಸಿದ ಕೈ, ತಗೊ ಮಗ ಅಂತ ಕೊಟ್ಟ ಕೈ.

ವಿಚಾರಣೆ ಕಂಪ್ಯೂಟರಿನಲ್ಲಿ ನಡೆಯಿತು, ಡೇರಿಯ ಆಫೀಸಿನಲ್ಲೇ. ದೆಹಲಿಯಲ್ಲಿ ಕೂತ ಮೂವರ ಮುಖ. ಕನ್ನಡ ಹೇಳಲು ಒಬ್ಬ ಹೆಂಗಸು. ಭವ್ಯಶ್ರೀ ಕಾಗದದಲ್ಲಿ ಬರೆಸಿದ್ದನ್ನೇ ಹೇಳಿದಳು. ನಾನೇ ತಗೊಂಡೆ, ಯಾರಿಗೂ ಗೊತ್ತಿಲ್ಲ, ಡಬ್ಬಿ ಕಳೆದುಹೋಯಿತು. ಬಾಗಿಲ ಬಳಿ ನಿಂತಿದ್ದ ಪುಟ್ಟರಾಜು ತಡೆಯಲಾರದೆ ಕಂಪ್ಯೂಟರಿನ ಮುಂದಕ್ಕೆ ನುಗ್ಗಿದ.

"ಸುಳ್ಳು ಸಾ! ಅವ್ಳು ಏಳ್ತಿರೋದು ಸುಳ್ಳು. ತಂದೋನು ನಾನು. ಕೊಟ್ಟೋನು ನಾನು."

"ಅಪ್ಪ, ಸುಮ್ಕಿರಪ್ಪ."

"ನೀನ್ ಸುಮ್ಕಿರು ಮಗ. ಸಾ, ನಾನು ಡೇರಿ ಟೆಸ್ಟರ್. ನಾನೇ ಟೆಸ್ಟ್ ಮಾಡಿ ಕೊಟ್ಟೆ ಸಾ."

ಆ ಹೆಂಗಸು ತರ್ಜುಮೆ ಮಾಡಿದಳು. ಮೂವರಲ್ಲಿ ಒಬ್ಬರು ಮುಂದಕ್ಕೆ ಬಾಗಿದರು. ಏನು ಟೆಸ್ಟ್ ಮಾಡಿದಿರಿ ಅಂತ ಕೇಳಿದರು.

"ಮೈದಾ, ಸೋಡಾ, ಯೂರಿಯಾ. ಹಾಲಿಗೆ ಏನ್ ಮಾಡ್ತೀವೋ ಎಲ್ಲಾ ಮಾಡ್ದೆ ಸಾ. ಕಲಬೆರಕೆ ಇರ್ಲಿಲ್ಲ."

ಆ ಹೆಂಗಸು ಅದನ್ನೂ ತರ್ಜುಮೆ ಮಾಡಿದಳು. ಅಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಪುಟ್ಟರಾಜು ಬೈದಾದರೂ ಹಗುರಾಗುತ್ತಿದ್ದ.

ನಡುವೆ ಕೂತವರು ಕಾಗದ ತಿರುವಿದರು. ಬಹಳ ಮೆತ್ತಗೆ ಮಾತಾಡಿದರು. ಮಗಳು ಬರಹದಲ್ಲಿ ಒಂದು ಹೇಳಿದ್ದಾಳೆ, ತಂದೆ ಈಗ ಇನ್ನೊಂದು ಹೇಳುತ್ತಿದ್ದಾರೆ. ಡಬ್ಬಿ ಇಲ್ಲ, ಬಿಲ್ಲಿಲ್ಲ. ಇದರಲ್ಲಿ ನಾವು ಯಾವುದನ್ನು ನಂಬಬೇಕು?

ಕಡ್ಡಿ ಒಂದು ಹೇಳಿ ಮಿಷಿನ್ನು ಇನ್ನೊಂದು ಹೇಳಿದರೆ ಹಾಲು ವಾಪಸ್. ಪುಟ್ಟರಾಜುವಿಗೆ ಆ ಕಾನೂನು ಯಾರೂ ಕಲಿಸಬೇಕಿರಲಿಲ್ಲ. ಇದೇ ಮಾತನ್ನು ಆವತ್ತು, ನಂಜಯ್ಯ ಪೆನ್ನು ಹಿಡಿದಿದ್ದಾಗ, ಮೂರು ಅಡಿ ದೂರದಿಂದ ಹೇಳಿದ್ದರೆ ಎರಡೂ ಒಂದೇ ಆಗಿರುತ್ತಿತ್ತು.

ಎರಡು ವರ್ಷ ನಿಷೇಧ. ಪದಕ ವಾಪಸು. ಹಾಸ್ಟೆಲಿನ ಸೀಟು ಹೋಯಿತು. ಎರಡು ವರ್ಷ ಮುಗಿಯುವ ಹೊತ್ತಿಗೆ ಜೂನಿಯರ್ ವಯಸ್ಸೂ ದಾಟಿಹೋಗಿರುತ್ತದೆ. ಪದಕವನ್ನು ಪ್ಯಾಕು ಮಾಡಿ ಬಾಗೂರಿನ ಪೋಸ್ಟಾಫೀಸಿಗೆ ಕೊಟ್ಟು ಬಂದವಳು ಭವ್ಯಶ್ರೀಯೇ. ಅಪ್ಪನನ್ನು ಜೊತೆಗೆ ಕರೆಯಲಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ಪುಟ್ಟರಾಜು ಕೇಳಿಯೇಬಿಟ್ಟ.

"ಯಾಕ್ ಮಗ ಸುಳ್ಳು ಬರೆಸ್ದೆ?"

"ನೀನೇ ಅಲ್ವಾ ಅಂದಿದ್ದು, ಮನೇಲಿ ಯಾರೂ ಕೊಟ್ಟಿಲ್ಲ ಅಂತ" ಅಂದಳು. ಸಿಟ್ಟಿರಲಿಲ್ಲ ಆ ದನಿಯಲ್ಲಿ. "ನಿನ್ ಮಾತು ಸುಳ್ಳಾಗ್ಬಾರ್ದು ಅಂತ."

ದೊಡ್ಡತಾಯಮ್ಮ ಅವನ ತಟ್ಟೆಗೆ ಸಾರು ಬಿಡಲು ಬಂದವಳು ಸೌಟು ಹಿಡಿದು ಹಾಗೇ ನಿಂತಳು. ಯಾವ ಕೈ ಅಂತ ಅವಳಿಗೂ ಈಗ ತಿಳಿದಿತ್ತು. ಸಾರು ಬಿಟ್ಟು ಹೋದಳು.

ಡೇರಿಯಲ್ಲಿ ಈಗ ಕಡ್ಡಿ ಬಿಡುವವನು ನಟರಾಜ ಅನ್ನುವ ಹೊಸಬ. ಪುಟ್ಟರಾಜುವೇ ಕೆಲಸ ಬಿಟ್ಟುಕೊಟ್ಟು ತೂಕದ ಕಡೆ ನಿಂತಿದ್ದಾನೆ. ಯಾರನ್ನೂ ಬೈಯುವುದಿಲ್ಲ. ಶಿವಗಂಗಮ್ಮ ಕ್ಯಾನು ಇಡುವಾಗ ಒಂದು ದಿನ "ಕೂಸು ಉಣ್ತವ್ಳಾ ಪುಟ್ರಾಜು?" ಅಂದಳು. "ಅಮ್ಮ, ಆವತ್ತು ನಿನ್ ಹಾಲು..." ಅಂತ ಶುರು ಮಾಡಿ, ಕ್ಯಾನನ್ನು ತಟ್ಟೆಯ ನಡುವಿಗೆ ಸರಿಸಿದ. "ಓಗ್ಲಿ ಬುಡಪ್ಪ, ಆ ಅಸವೇ ಸತ್ತೋಯ್ತು" ಅಂತ ಅವಳು ಖಾಲಿ ಕ್ಯಾನು ಎತ್ತಿಕೊಂಡು ಹೋದಳು.

ಭವ್ಯಶ್ರೀ ಮತ್ತೆ ಮುದ್ದೆ ಉಣ್ಣುತ್ತಾಳೆ. ಎಷ್ಟು ಬಡಿಸಿದರೂ ಉಣ್ಣುತ್ತಾಳೆ, ಬೇಕು ಅನ್ನುವುದೂ ಇಲ್ಲ, ಸಾಕು ಅನ್ನುವುದೂ ಇಲ್ಲ. ಮೊನ್ನೆ ಬೆಳಿಗ್ಗೆ ಎಲ್ಲರ ಹಾಲು ಮುಗಿದು ಡೇರಿ ಖಾಲಿಯಾದ ಮೇಲೆ ಮನೆಯ ಕ್ಯಾನು ತಂದಳು. ಕ್ಯಾನು ಕೆಳಗಿಟ್ಟು, ಚಪ್ಪಲಿ ಬಿಟ್ಟು, ತೂಕದ ತಟ್ಟೆಯ ಮೇಲೆ ಹತ್ತಿ ನಿಂತಳು. ಮೊದಲಿನ ಹಾಗೆಯೇ ಕಿಟಕಿ ಕಡೆ ಮುಖ ಮಾಡಿ.

"ಎಷ್ಟಪ್ಪ?"

ಕೆಂಪು ಅಂಕಿ ನಿಚ್ಚಳವಾಗಿತ್ತು. ಎಪ್ಪತ್ತೊಂದೂವರೆ.

"ಕಾಣಿಸ್ತಿಲ್ಲ ಕಣವ್ವ" ಅಂದ ಪುಟ್ಟರಾಜು. "ಇಳಿ, ತಟ್ಟೆ ಒರೆಸ್ಬೇಕು."